ಸೇನಾ ಕ್ಷಿಪ್ರಕ್ರಾಂತಿಯ ಸಿನಿಮಾ ಇತಿಹಾಸಕ್ಕೆ ಎಷ್ಟು ನಿಷ್ಠ? ಪರಿಶೀಲಿಸುವ ಕ್ರಮ, ಹಂತ ಹಂತವಾಗಿ

ಬೆಂಗಳೂರಿನ ಚಿತ್ರೋತ್ಸವದಲ್ಲಾಗಲಿ, ಫಿಲ್ಮ್ ಸೊಸೈಟಿಗಳ ಪ್ರದರ್ಶನದ ನಂತರದ ಚರ್ಚೆಯಲ್ಲಾಗಲಿ, ಸೇನಾ ಕ್ಷಿಪ್ರಕ್ರಾಂತಿಯನ್ನು ಕುರಿತ ಸಿನಿಮಾ ಮುಗಿದ ಕೂಡಲೇ ಎರಡು ಬಗೆಯ ತೀರ್ಪುಗಳು ಕೇಳಿಬರುತ್ತವೆ. ಸಮವಸ್ತ್ರ, ಜೀಪು, ಟೆಲಿಫೋನು ಎಲ್ಲವೂ ಆ ಕಾಲದವೇ ಆಗಿದ್ದವು, ಆದ್ದರಿಂದ ಚಿತ್ರ ನಿಜ ಎನ್ನುವುದು ಒಂದು. ಕೊನೆಯ ದೃಶ್ಯ ನಡೆದೇ ಇಲ್ಲವೆಂದು ಮೊಬೈಲಿನಲ್ಲಿ ಓದಿದೆ, ಆದ್ದರಿಂದ ಇಡೀ ಚಿತ್ರ ಸುಳ್ಳು ಎನ್ನುವುದು ಇನ್ನೊಂದು. ಎರಡನ್ನೂ ಪರಿಶೀಲನೆ ಎನ್ನಲು ಬಾರದು. ವಿಮರ್ಶೆ ಬರೆಯುವ ಆಸಕ್ತರೂ ಇತಿಹಾಸದ ವಿದ್ಯಾರ್ಥಿಗಳೂ ಪದೇಪದೇ ಇಲ್ಲೇ ಎಡವುತ್ತಿರುವುದರಿಂದ ಕೆಲಸದ ಅನುಕ್ರಮವನ್ನು ಇಲ್ಲಿ ವಿವರವಾಗಿ ಕೊಡಲಾಗಿದೆ.

ಕ್ಷಿಪ್ರಕ್ರಾಂತಿಯು ಕೆಲವೇ ಗಂಟೆಗಳಲ್ಲಿ, ಕೆಲವೇ ಮಂದಿ ಕೊಟ್ಟ ಆದೇಶಗಳಿಂದ ಮತ್ತು ಇನ್ನು ಕೆಲವರು ಕೊಡದೆ ಉಳಿದ ಆದೇಶಗಳಿಂದ ತೀರ್ಮಾನವಾಗುವ ಘಟನೆ. ಆದ್ದರಿಂದ ಪರಿಶೀಲಕರು ಹಿಡಿಯಬೇಕಾದ ಪ್ರಶ್ನೆ ಒಂದೇ: ಚಿತ್ರವು ಮಾಡಿಕೊಂಡ ಬದಲಾವಣೆ, ನಡೆದುದರ ಹೊಣೆಯನ್ನು ಒಬ್ಬರ ಮೇಲಿನಿಂದ ಇನ್ನೊಬ್ಬರ ಮೇಲೆ ಸರಿಸಿದೆಯೇ? ಹೊಣೆ ಸರಿಯದ ಬದಲಾವಣೆ ಎಷ್ಟೇ ದೊಡ್ಡದಾಗಿದ್ದರೂ ಕ್ಷಮ್ಯ. ಹೊಣೆ ಸರಿದರೆ ಒಂದು ವಾಕ್ಯದ ಬದಲಾವಣೆಯೂ ಗಂಭೀರ.

ಬೇಕಾಗುವ ಸಾಮಗ್ರಿ

ನಿಲ್ಲಿಸಿ, ಹಿಂದಕ್ಕೆ ಸರಿಸಿ ನೋಡಲು ಬರುವ ಪ್ರತಿ ಅಗತ್ಯ. ಚಿತ್ರಮಂದಿರದಲ್ಲಿ ಒಮ್ಮೆ ನೋಡಿದ ನೆನಪಿನ ಮೇಲೆ ಪರಿಶೀಲನೆ ನಡೆಸಲಾಗದು, ಏಕೆಂದರೆ ನಮ್ಮ ನೆನಪು ಸಂಭಾಷಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆಯೇ ಹೊರತು ಗೋಡೆಯ ಮೇಲಿನ ಗಡಿಯಾರವನ್ನಲ್ಲ. ಐದು ಅಂಕಣಗಳ ಒಂದು ಪಟ್ಟಿಯನ್ನು ಪುಸ್ತಕದಲ್ಲೋ ಕಂಪ್ಯೂಟರಿನಲ್ಲೋ ಹಾಕಿಕೊಳ್ಳಿ: ಚಿತ್ರದ ನಿಮಿಷ, ಕಾಣಿಸಿದ ಸಂಗತಿ, ಅದು ನಡೆದ ನಿಜವಾದ ಹೊತ್ತು, ಆಧಾರ, ದರ್ಜೆ. ಆ ನಗರದ ಭೂಪಟವೂ ಇರಲಿ.

ಆಧಾರಗಳಲ್ಲಿ ನಾಲ್ಕು ಬಗೆಯವು ಬೇಕು: ನ್ಯಾಯಾಲಯದ ತೀರ್ಪು ಅಥವಾ ತನಿಖಾ ಆಯೋಗದ ವರದಿ, ಬಹಿರಂಗಗೊಂಡ ಸರ್ಕಾರಿ ದಾಖಲೆಗಳು, ಘಟನೆಯ ಮರುದಿನ ಮತ್ತು ಮೂರನೆಯ ದಿನದ ಪತ್ರಿಕೆಗಳು, ಹಾಗೂ ಪರಸ್ಪರ ಒಪ್ಪದ ಇಬ್ಬರು ಇತಿಹಾಸಕಾರರ ಪುಸ್ತಕಗಳು. ಬೆಂಗಳೂರಿನಲ್ಲಿರುವವರು ಕಬ್ಬನ್ ಉದ್ಯಾನದ ರಾಜ್ಯ ಕೇಂದ್ರ ಗ್ರಂಥಾಲಯ, ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನ ಗ್ರಂಥಾಲಯ ಮತ್ತು ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಗಳಿಂದ ಹುಡುಕಾಟ ಆರಂಭಿಸಬಹುದು. ನಿಮಗೆ ಬೇಕಾದ ವರ್ಷದ ಪತ್ರಿಕೆಗಳ ಸಂಪುಟ ಇದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಅಮೆರಿಕದ ಪಾತ್ರವಿರುವ ಘಟನೆಗಳಾದರೆ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿರುವ ನ್ಯಾಷನಲ್ ಸೆಕ್ಯುರಿಟಿ ಆರ್ಕೈವ್ ಅಂತರಜಾಲದಲ್ಲಿ ಮೂಲ ದಾಖಲೆಗಳನ್ನೇ ಒದಗಿಸುತ್ತದೆ.

ಹಂತ 1: ಚಿತ್ರ ತನ್ನ ಬಗ್ಗೆ ಏನು ಹೇಳಿಕೊಂಡಿದೆ ಎಂಬುದನ್ನು ಬರೆದುಕೊಳ್ಳಿ

ಆರಂಭದ ಮತ್ತು ಕೊನೆಯ ಬರಹಗಳನ್ನು ಅಕ್ಷರಶಃ ನಕಲು ಮಾಡಿಕೊಳ್ಳಿ. ನೈಜ ಘಟನೆಯನ್ನು ಆಧರಿಸಿದೆ ಎಂದಿದೆಯೋ, ಅದರಿಂದ ಪ್ರೇರಿತವಾಗಿದೆ ಎಂದಿದೆಯೋ, ಹೆಸರುಗಳನ್ನು ಬದಲಿಸಿದೆಯೋ ಎಂಬುದರ ಮೇಲೆ ಮುಂದಿನ ಅಳತೆಗೋಲು ನಿಂತಿದೆ.

ದಕ್ಷಿಣ ಕೊರಿಯಾದಲ್ಲಿ 1979ರ ಡಿಸೆಂಬರ್ 12ರ ರಾತ್ರಿ ನಡೆದ ಕ್ಷಿಪ್ರಕ್ರಾಂತಿಯನ್ನು ಕುರಿತು 2023ರಲ್ಲಿ ಬಂದ ‘12.12: ದಿ ಡೇ’ ಚಿತ್ರದಲ್ಲಿ ಜನರಲ್ ಚುನ್ ದೂ-ಹ್ವಾನ್ ಪಾತ್ರಕ್ಕೆ ಚುನ್ ದೂ-ಗ್ವಾಂಗ್ ಎಂಬ ಹೆಸರಿದೆ, ಎದುರಾಳಿ ಜನರಲ್ ಜಾಂಗ್ ತೇ-ವಾನ್ ಅವರ ಪಾತ್ರದ ಹೆಸರು ಲೀ ತೇ-ಶಿನ್. ಹೆಸರು ಹೀಗೆ ಅರ್ಧ ಬದಲಾದಾಗ ನಿರ್ದೇಶಕರು ಕಲ್ಪನೆಗೆ ಅವಕಾಶ ಕೇಳಿಕೊಂಡಿದ್ದಾರೆ, ಆದರೆ ಯಾರ ಕಥೆಯೆಂಬುದನ್ನು ಮುಚ್ಚಿಟ್ಟಿಲ್ಲ ಎಂದು ತಿಳಿಯಬೇಕು. ಇಂಥ ಚಿತ್ರದಲ್ಲಿ ಖಾಸಗಿ ಸಂಭಾಷಣೆಗಳ ಬಗ್ಗೆ ಸಡಿಲವಾಗಿಯೂ ಸಾರ್ವಜನಿಕ ಕೃತ್ಯಗಳ ಬಗ್ಗೆ ಬಿಗಿಯಾಗಿಯೂ ಇರುವುದು ನ್ಯಾಯ. ನಿಜ ಹೆಸರು, ನಿಜ ದಿನಾಂಕಗಳನ್ನು ಪರದೆಯ ಮೇಲೆ ಹಾಕುವ ಚಿತ್ರಕ್ಕೆ ಆ ಸಡಿಲಿಕೆ ಸಲ್ಲದು.

ಹಂತ 2: ಹಣ ಯಾರದು, ಆಗ ಗದ್ದುಗೆಯ ಮೇಲಿದ್ದವರು ಯಾರು

ಈ ವಿವರವನ್ನು ಚಿತ್ರ ನೋಡುವ ಮೊದಲೇ ತಿಳಿದುಕೊಳ್ಳಬೇಕು. ನೋಡಿದ ಮೇಲೆ ತಿಳಿದರೆ, ಇಷ್ಟಪಟ್ಟ ಚಿತ್ರವನ್ನು ಸಮರ್ಥಿಸಿಕೊಳ್ಳುವ ಕಡೆಗೆ ಮನಸ್ಸು ವಾಲುತ್ತದೆ.

ಇಂಡೊನೇಷ್ಯಾದ ‘ಪೆಂಗ್ಖಿಯಾನತಾನ್ ಜಿ30ಎಸ್/ಪಿಕೆಐ’ ಚಿತ್ರ (ಪಿಕೆಐ ಎಂದರೆ ಅಲ್ಲಿನ ಕಮ್ಯುನಿಸ್ಟ್ ಪಕ್ಷ) ಇದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ. 1965ರ ಸೆಪ್ಟೆಂಬರ್ 30ರ ರಾತ್ರಿ ಆರಂಭವಾದ ದಂಗೆಯಲ್ಲಿ ಆರು ಮಂದಿ ಜನರಲ್‌ಗಳೂ ಒಬ್ಬ ಲೆಫ್ಟಿನೆಂಟ್‌ನೂ ಹತರಾದರು; ಆ ದಂಗೆಯನ್ನು ಹತ್ತಿಕ್ಕಿ ಮೇಲೆ ಬಂದ ಸುಹಾರ್ತೊ ಅವರ ಸರ್ಕಾರವೇ 1984ರಲ್ಲಿ ಈ ಚಿತ್ರವನ್ನು ಮಾಡಿಸಿತು ಮತ್ತು 1998ರಲ್ಲಿ ಅವರು ಪದಚ್ಯುತರಾಗುವವರೆಗೆ ವರ್ಷಕ್ಕೊಮ್ಮೆ ಸರ್ಕಾರಿ ದೂರದರ್ಶನದಲ್ಲಿ ಅದು ಪ್ರಸಾರವಾಗುತ್ತಿತ್ತು. ಗೆದ್ದವರು ತಮ್ಮ ಗೆಲುವಿನ ಕಥೆಯನ್ನು ತಾವೇ ಹೇಳುವಾಗ ಏನನ್ನು ಹಿಗ್ಗಿಸುತ್ತಾರೆ, ದಂಗೆಯ ನಂತರ ನಡೆದ ಸಾಮೂಹಿಕ ಹತ್ಯೆಗಳಂಥ ಏನನ್ನು ಕೈಬಿಡುತ್ತಾರೆ ಎಂಬುದನ್ನು ಈ ಚಿತ್ರದಲ್ಲಿ ಸಾಲುಸಾಲಾಗಿ ಗುರುತಿಸಬಹುದು.

ಸರ್ಕಾರದ ಹಣ ಬಂದಿದೆ ಎಂದಮಾತ್ರಕ್ಕೆ ಚಿತ್ರ ಸುಳ್ಳಾಗುವುದಿಲ್ಲ. ಶ್ಯಾಮ್ ಬೆನಗಲ್ ನಿರ್ದೇಶಿಸಿ 2023ರಲ್ಲಿ ತೆರೆಕಂಡ ಮುಜಿಬುರ್ ರಹಮಾನ್ ಜೀವನಚಿತ್ರವನ್ನು ಭಾರತ ಮತ್ತು ಬಾಂಗ್ಲಾದೇಶ ಸರ್ಕಾರಗಳು ಜಂಟಿಯಾಗಿ ನಿರ್ಮಿಸಿದವು. ಆಗ ಢಾಕಾದಲ್ಲಿ ಪ್ರಧಾನಿಯಾಗಿದ್ದವರು ಮುಜಿಬರ ಮಗಳು. ಮುಜಿಬರು ಸೇನಾಧಿಕಾರಿಗಳ ಕೈಯಲ್ಲಿ ಹತರಾದ 1975ರ ಆಗಸ್ಟ್ 15ರ ಮುಂಜಾವಿನ ಹತ್ಯಾಕಾಂಡದ ದೃಶ್ಯಗಳನ್ನು ಪರಿಶೀಲಿಸುವಾಗ ಈ ಸಂಗತಿಯನ್ನು ಪಟ್ಟಿಯ ತಲೆಯಲ್ಲಿ ಬರೆದಿಟ್ಟುಕೊಂಡು, ಆ ಮುಂಜಾವಿಗೆ ಮುಂಚಿನ ತಿಂಗಳುಗಳನ್ನು, ಅಂದರೆ ಏಕಪಕ್ಷ ವ್ಯವಸ್ಥೆ ಜಾರಿಗೆ ಬಂದ ಕಾಲವನ್ನು, ಚಿತ್ರ ಎಷ್ಟು ನಿಮಿಷಗಳಲ್ಲಿ ದಾಟಿಸಿದೆ ಎಂದು ಅಳೆದರೆ ಸಾಕು.

ಹಂತ 3: ಮೊದಲ ವೀಕ್ಷಣೆಯಲ್ಲಿ ಏನನ್ನೂ ಪರಿಶೀಲಿಸಬೇಡಿ

ಒಮ್ಮೆ ನಿಲ್ಲಿಸದೆ ನೋಡಿ. ಮುಗಿದ ತಕ್ಷಣ, ಈ ಚಿತ್ರದ ಪ್ರಕಾರ ತಪ್ಪಿತಸ್ಥರು ಯಾರು, ನಿರ್ಣಾಯಕ ಕ್ಷಣ ಯಾವುದು, ಅದನ್ನು ತಡೆಯಬಹುದಾಗಿದ್ದವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ತಲಾ ಒಂದು ವಾಕ್ಯದಲ್ಲಿ ಉತ್ತರ ಬರೆಯಿರಿ. ಮುಂದಿನ ಹಂತಗಳಲ್ಲಿ ಪರೀಕ್ಷೆಗೆ ಒಳಪಡುವುದು ಈ ಮೂರು ವಾಕ್ಯಗಳೇ. ಇದನ್ನು ಬಿಟ್ಟು ಮೊದಲ ದೃಶ್ಯದಿಂದಲೇ ತಪ್ಪು ಹುಡುಕಲು ಹೊರಟವರ ಬಳಿ ಕೊನೆಗೆ ನೂರು ಚಿಲ್ಲರೆ ಟಿಪ್ಪಣಿಗಳು ಉಳಿಯುತ್ತವೆ, ತೀರ್ಪು ಹುಟ್ಟುವುದಿಲ್ಲ.

ಹಂತ 4: ಗಡಿಯಾರವನ್ನು ಮರುಜೋಡಿಸಿ

ಎರಡನೆಯ ವೀಕ್ಷಣೆಯಲ್ಲಿ ಹೆಚ್ಚಿನ ಸಮಯ ಇದಕ್ಕೇ ಹೋಗಬೇಕು. ಪ್ರತಿ ದೃಶ್ಯದಲ್ಲೂ ಹೊತ್ತಿನ ಸುಳಿವುಗಳನ್ನು ಗುರುತುಮಾಡಿ: ಪರದೆಯ ಬರಹ, ಗೋಡೆ ಗಡಿಯಾರ, ಕಿಟಕಿಯಾಚೆಯ ಬೆಳಕು, ರೇಡಿಯೊ ವಾರ್ತೆ. ನಂತರ ಅದರ ಪಕ್ಕದಲ್ಲಿ ದಾಖಲೆಗಳು ಹೇಳುವ ಹೊತ್ತನ್ನು ಬರೆಯಿರಿ. ಎರಡರ ನಡುವೆ ಅಂತರ ಕಂಡಾಗ, ಆ ಅಂತರದಿಂದ ಯಾರಿಗೆ ಲಾಭವಾಯಿತು ಎಂದು ಕೇಳಿಕೊಳ್ಳಿ.

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅಧ್ಯಕ್ಷ ಪಾರ್ಕ್ ಚುಂಗ್-ಹೀ 1979ರ ಅಕ್ಟೋಬರ್ 26ರಂದು ಹತ್ಯೆಯಾದ ಬಳಿಕ ಅದರ ತನಿಖೆಯ ಹೊಣೆ ಚುನ್ ದೂ-ಹ್ವಾನ್ ಕೈಗೆ ಬಂದಿತ್ತು. ಡಿಸೆಂಬರ್ 12ರ ಸಂಜೆ ಅವರ ಕಡೆಯವರು ಸೇನಾ ಮುಖ್ಯಸ್ಥರೂ ಮಾರ್ಷಲ್ ಲಾ ಕಮಾಂಡರರೂ ಆಗಿದ್ದ ಜನರಲ್ ಜಂಗ್ ಸೆಯುಂಗ್-ಹ್ವಾ ಅವರನ್ನು ಬಂಧಿಸಿದರು. ಈ ಬಂಧನಕ್ಕೆ ಅಂದಿನ ಅಧ್ಯಕ್ಷ ಚೋಯ್ ಕ್ಯು-ಹಾ ಒಪ್ಪಿಗೆಯ ಸಹಿ ಹಾಕಿದ್ದು ಮರುದಿನ ಬೆಳಗಿನ ಜಾವ. ಸಹಿಯ ಜೊತೆಗೆ 5 ಗಂಟೆ 10 ನಿಮಿಷ ಎಂದು ಹೊತ್ತನ್ನೂ ಅವರು ನಮೂದಿಸಿದರು. ಇಡೀ ರಾತ್ರಿಯ ಕಾನೂನುಬದ್ಧತೆ ಆ ಒಂದು ನಮೂದಿನಲ್ಲಿ ಅಡಗಿದೆ: ಬಂಧನ ಮೊದಲು, ಅನುಮತಿ ಸುಮಾರು ಹತ್ತು ಗಂಟೆಗಳ ಬಳಿಕ. ಚಿತ್ರವೊಂದು ಆ ಹತ್ತು ಗಂಟೆಗಳನ್ನು ಎರಡೂವರೆ ಗಂಟೆಯೊಳಗೆ ಅಡಕಗೊಳಿಸುವುದು ಸಹಜ, ಆದರೆ ಸಹಿಯ ದೃಶ್ಯವನ್ನು ಬಂಧನಕ್ಕಿಂತ ಮೊದಲಿಗೆ ತಂದಿದ್ದರೆ ಅಪರಾಧವು ಆಡಳಿತ ಕ್ರಮವಾಗಿಬಿಡುತ್ತಿತ್ತು. ಸಂಕ್ಷೇಪಕ್ಕೂ ವಿರೂಪಕ್ಕೂ ಇರುವ ವ್ಯತ್ಯಾಸವನ್ನು ಹೀಗೆ ಅನುಕ್ರಮದಲ್ಲಿ ಹಿಡಿಯಬೇಕು. ಅವಧಿ ಎಷ್ಟು ಕುಗ್ಗಿತು ಎಂಬುದು ಎರಡನೆಯ ಮಾತು.

ಕೆಲವು ಘಟನೆಗಳಲ್ಲಿ ಗಡಿಯಾರದ ಕೆಲಸ ಬಹುಮಟ್ಟಿಗೆ ಸಿದ್ಧವಾಗಿಯೇ ಇರುತ್ತದೆ. ಸ್ಪೇನಿನಲ್ಲಿ 1981ರ ಫೆಬ್ರವರಿ 23ರ ಸಂಜೆ 6 ಗಂಟೆ 23 ನಿಮಿಷಕ್ಕೆ ಲೆಫ್ಟಿನೆಂಟ್ ಕರ್ನಲ್ ಆಂಟೋನಿಯೊ ತೆಹೆರೊ ಸಿವಿಲ್ ಗಾರ್ಡ್ ಎಂಬ ಸಶಸ್ತ್ರ ಪೊಲೀಸ್ ಪಡೆಯ ತುಕಡಿಯೊಂದಿಗೆ ಸಂಸತ್ತಿಗೆ ನುಗ್ಗಿದಾಗ ಟಿವಿ ಕ್ಯಾಮೆರಾ ಅರ್ಧ ಗಂಟೆಯಷ್ಟು ಕಾಲ ಓಡುತ್ತಲೇ ಇತ್ತು. ಗುಂಡಿನ ಸದ್ದಿಗೆ ಸದಸ್ಯರೆಲ್ಲ ಬೆಂಚಿನಡಿ ಅಡಗಿದಾಗ ಪ್ರಧಾನಿ ಅಡೋಲ್ಫೊ ಸುವಾರೆಸ್, ಉಪಪ್ರಧಾನಿ ಜನರಲ್ ಗುಟಿಯೆರೆಸ್ ಮೆಯಾಡೊ ಮತ್ತು ಕಮ್ಯುನಿಸ್ಟ್ ನಾಯಕ ಸಾಂಟಿಯಾಗೊ ಕರಿಯೊ ಬಗ್ಗದೆ ಉಳಿದದ್ದನ್ನು ಯಾರು ಬೇಕಾದರೂ ನೋಡಬಹುದು. ಇಂಥ ದೃಶ್ಯಾವಳಿ ಲಭ್ಯವಿರುವಾಗ ಸಿನಿಮಾದ ಸಂಸತ್ ದೃಶ್ಯವನ್ನು ಅದರ ಪಕ್ಕದಲ್ಲಿಟ್ಟು ನೋಡುವುದು ಸುಲಭ. ಆ ಸುಲಭಕ್ಕೆ ಮರುಳಾಗಿ ಅಲ್ಲಿಗೇ ನಿಲ್ಲುವುದು ತಪ್ಪು. ಆ ರಾತ್ರಿಯ ನಿಜವಾದ ವಿವಾದವಿರುವುದು ಕ್ಯಾಮೆರಾ ಇಲ್ಲದ ಕಡೆ, ಅರಮನೆಯ ದೂರವಾಣಿ ಕರೆಗಳಲ್ಲಿ ಮತ್ತು ರಾಜ ಹುವಾನ್ ಕಾರ್ಲೋಸ್ ಟಿವಿಯಲ್ಲಿ ಮಾತನಾಡಿದ ರಾತ್ರಿ 1 ಗಂಟೆ 14 ನಿಮಿಷದವರೆಗಿನ ಅವಧಿಯಲ್ಲಿ.

ಪತ್ರಿಕೆಗಳನ್ನು ಆಧಾರವಾಗಿ ಬಳಸುವವರು ಕಾಲವಲಯವನ್ನು ಮರೆಯುತ್ತಾರೆ. ಸ್ಪೇನಿನ ಸಂಜೆ 6.23 ಎಂದರೆ ಬೆಂಗಳೂರಿನಲ್ಲಿ ರಾತ್ರಿ 10.53, ರಾಜನ ಭಾಷಣದ ಹೊತ್ತಿಗೆ ಇಲ್ಲಿ ಬೆಳಗಿನ 5.44 ಆಗಿರುತ್ತದೆ, ಮುಂಜಾನೆಯ ಪತ್ರಿಕೆ ಅಚ್ಚಾಗಿಹೋಗಿರುತ್ತದೆ. ಹಾಗಾಗಿ ಫೆಬ್ರವರಿ 24ರ ಪತ್ರಿಕೆಯಲ್ಲಿ ಭಾಷಣದ ಸುದ್ದಿ ಇಲ್ಲದಿರುವುದರಿಂದ ಏನನ್ನೂ ತರ್ಕಿಸುವಂತಿಲ್ಲ. 25ರ ಸಂಚಿಕೆಯನ್ನೂ ತೆಗೆಸಿ ನೋಡಬೇಕು.

ಹಂತ 5: ಆದೇಶದ ಸರಪಳಿಯನ್ನು ಬಿಡಿಸಿ

ಒಂದು ಹಾಳೆಯ ಮೇಲೆ ಮೇಲಿನಿಂದ ಕೆಳಕ್ಕೆ ಹುದ್ದೆಗಳನ್ನು ಬರೆಯಿರಿ: ರಾಷ್ಟ್ರಾಧ್ಯಕ್ಷ, ರಕ್ಷಣಾ ಸಚಿವ, ಸೇನಾ ಮುಖ್ಯಸ್ಥ, ರಾಜಧಾನಿಯ ಕಾವಲು ಪಡೆಯ ಕಮಾಂಡರ್, ಸುತ್ತಲಿನ ಡಿವಿಷನ್ ಮತ್ತು ಬ್ರಿಗೇಡ್‌ಗಳ ಕಮಾಂಡರ್‌ಗಳು, ಗುಪ್ತಚರ ವಿಭಾಗದವರು. ಮೊದಲು ಕಾನೂನಿನ ಪ್ರಕಾರ ಯಾರು ಯಾರಿಗೆ ಆದೇಶ ಕೊಡಬೇಕಿತ್ತು ಎಂಬುದನ್ನು ಒಂದು ಬಣ್ಣದ ಗೆರೆಯಲ್ಲಿ, ಆ ರಾತ್ರಿ ಯಾರು ಯಾರಿಗೆ ಕೊಟ್ಟರು ಎಂಬುದನ್ನು ಇನ್ನೊಂದು ಬಣ್ಣದಲ್ಲಿ ಎಳೆಯಿರಿ. ಮೂರನೆಯ ಬಣ್ಣ ಸಿನಿಮಾದ್ದು. ಎರಡನೆಯ ಮತ್ತು ಮೂರನೆಯ ಗೆರೆಗಳು ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿ ನಿಮ್ಮ ಪರಿಶೀಲನೆಯ ತಿರುಳಿದೆ.

ಇಲ್ಲಿ ಮೂರು ತಪ್ಪುಗಳು ಸಾಮಾನ್ಯ. ಮೊದಲನೆಯದು, ನಾಯಕನೇ ಎಲ್ಲ ಆದೇಶಗಳನ್ನೂ ಕೊಟ್ಟನೆಂದು ನಂಬುವುದು. ಸಿನಿಮಾಕ್ಕೆ ಒಬ್ಬ ಖಳನಾಯಕ ಬೇಕು. ಕ್ಷಿಪ್ರಕ್ರಾಂತಿಗೆ ಬೇಕಾದದ್ದು ಸರಿಯಾದ ಹುದ್ದೆಗಳಲ್ಲಿರುವ ಹಲವರು. ಪಾಕಿಸ್ತಾನದಲ್ಲಿ 1999ರ ಅಕ್ಟೋಬರ್ 12ರಂದು ನವಾಜ್ ಷರೀಫ್ ಸರ್ಕಾರ ಉರುಳುವಾಗ ಸೇನಾ ಮುಖ್ಯಸ್ಥ ಮುಷರಫ್ ಕೊಲಂಬೊದಿಂದ ಮರಳುತ್ತಿದ್ದ ವಿಮಾನದಲ್ಲಿದ್ದರು. ರಾವಲ್ಪಿಂಡಿ, ಇಸ್ಲಾಮಾಬಾದ್‌ಗಳಲ್ಲಿ ಪಡೆಗಳನ್ನು ನಡೆಸಿದವರು ನೆಲದ ಮೇಲಿದ್ದ ಜನರಲ್‌ಗಳು. ಈ ವಸ್ತುವಿನ ಮೇಲೆ ಚಿತ್ರ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ, ಆ ಜನರಲ್‌ಗಳಿಗೆ ಮುಖವಿದೆಯೇ ಎಂಬುದು.

ಎರಡನೆಯದು, ಸಂಚಿನೊಳಗೆ ಯಾರು ಯಾವಾಗ ಸೇರಿದರು ಎಂಬುದನ್ನು ನೋಡದಿರುವುದು. ಚಿಲಿಯ ಜನರಲ್ ಪಿನೊಚೆಯನ್ನು ಅಧ್ಯಕ್ಷ ಅಯೆಂದೆಯವರೇ 1973ರ ಆಗಸ್ಟ್ 23ರಂದು ಸೇನಾ ಮುಖ್ಯಸ್ಥರನ್ನಾಗಿ ನೇಮಿಸಿದ್ದರು. ಸೆಪ್ಟೆಂಬರ್ 9ರಂದು ನೌಕಾಪಡೆಯ ಅಡ್ಮಿರಲ್ ಮೆರಿನೊ, ದಂಗೆಯ ದಿನವನ್ನು ತಿಳಿಸಿ ಕಳುಹಿಸಿದ ಚೀಟಿಗೆ ವಾಯುಪಡೆಯ ಲೀ ಮತ್ತು ಪಿನೊಚೆ ಸಹಿ ಹಾಕಿದರು. ಎರಡು ದಿನಗಳ ಬಳಿಕ ದಂಗೆ ನಡೆಯಿತು. ಆದರೆ ತಾನು ಬಹಳ ಹಿಂದಿನಿಂದಲೇ ಎಲ್ಲವನ್ನೂ ಯೋಜಿಸಿದ್ದೆನೆಂದು ಪಿನೊಚೆ ಮುಂದೆ ತಾವೇ ಬರೆದುಕೊಂಡರು. ಆತನನ್ನು ಮೊದಲ ದೃಶ್ಯದಿಂದಲೇ ಸಂಚಿನ ಸೂತ್ರಧಾರನಾಗಿ ತೋರಿಸುವ ಚಿತ್ರ ಆತನನ್ನು ಖಂಡಿಸುತ್ತಿರುವಂತೆ ಕಂಡರೂ, ವಾಸ್ತವದಲ್ಲಿ ಆತನದೇ ಬಡಾಯಿಯನ್ನು ಒಪ್ಪಿಕೊಂಡಿರುತ್ತದೆ, ಮೊದಲೇ ಸಂಚು ಹೂಡಿದ್ದ ಇತರ ಅಧಿಕಾರಿಗಳನ್ನು ತೆರೆಮರೆಗೆ ಸರಿಸಿರುತ್ತದೆ.

ಮೂರನೆಯದು ನಮ್ಮವರೇ ಹೆಚ್ಚಾಗಿ ಮಾಡುವ ತಪ್ಪು: ಭಾರತೀಯ ಸೇನೆಯ ಹುದ್ದೆಗಳ ಲೆಕ್ಕದಲ್ಲಿ ಪರದೇಶದ ಸೇನೆಯನ್ನು ಓದುವುದು. ಇಂದು ನಮ್ಮಲ್ಲಿ ಬೆಟಾಲಿಯನ್‌ನ ಮುಖ್ಯಸ್ಥ ಕರ್ನಲ್. ಅನೇಕ ದೇಶಗಳಲ್ಲಿ ಲೆಫ್ಟಿನೆಂಟ್ ಕರ್ನಲ್. ಇಂಗ್ಲಿಷ್ ಸಬ್‌ಟೈಟಲ್ ಜಾಗದ ಅಭಾವಕ್ಕೆ ಹುದ್ದೆಯನ್ನೇ ಬಿಟ್ಟು ಬರೀ ಹೆಸರು ಹಾಕುವುದೂ ಉಂಟು. ಭುಜದ ಪಟ್ಟಿಯನ್ನು ನಿಲ್ಲಿಸಿ ನೋಡಿ, ಆ ದೇಶದ ಆ ಕಾಲದ ಪಟ್ಟಿಯೊಂದಿಗೆ ಹೋಲಿಸಿಕೊಳ್ಳಿ.

ಈ ಹಂತದಲ್ಲಿ ನಿವೃತ್ತ ಸೇನಾಧಿಕಾರಿಯೊಬ್ಬರ ನೆರವು ಪುಸ್ತಕಗಳಿಗಿಂತ ಹೆಚ್ಚು ಉಪಯುಕ್ತ. ಹಲಸೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಜೆ.ಸಿ. ನಗರದ ಪ್ಯಾರಾಚೂಟ್ ರೆಜಿಮೆಂಟ್ ತರಬೇತಿ ಕೇಂದ್ರ ಇರುವ ಈ ಊರಿನಲ್ಲಿ ಅಂಥವರು ಸಿಗುವುದು ಕಷ್ಟವಲ್ಲ. ಆದರೆ ‘ಸರ್, ಈ ಸಿನಿಮಾ ಸರಿಯಾಗಿದೆಯೇ?’ ಎಂದು ಕೇಳಿದರೆ ಅಭಿಪ್ರಾಯವಷ್ಟೇ ಸಿಗುತ್ತದೆ. ‘ಸರ್, ರಾತ್ರಿ ಎಂಟಕ್ಕೆ ಆದೇಶ ಬಂದರೆ ಒಂದು ಬ್ರಿಗೇಡ್ ನಲವತ್ತು ಕಿಲೋಮೀಟರ್ ದಾಟಿ ನಗರದೊಳಗೆ ಬರಲು ಎಷ್ಟು ಹೊತ್ತು ಬೇಕು? ಶಸ್ತ್ರಾಗಾರದ ಕೀಲಿ ಯಾರ ಬಳಿ ಇರುತ್ತದೆ? ಬಾಯಿಮಾತಿನ ಆದೇಶಕ್ಕೆ ಗುಂಡುಗಳನ್ನು ಹಂಚುತ್ತಾರೆಯೇ?’ ಎಂದು ಕೇಳಿ. ಗುಂಡುಗಳ ಪ್ರಶ್ನೆ ಕ್ಷುಲ್ಲಕವಲ್ಲ: 1975ರಲ್ಲಿ ಢಾಕಾದ ರಸ್ತೆಗೆ ದಂಗೆಕೋರ ಮೇಜರ್ ಫಾರೂಕ್ ಇಳಿಸಿದ ಟ್ಯಾಂಕುಗಳ ಫಿರಂಗಿಗಳಿಗೆ ಹಾಕಲು ಗುಂಡುಗಳೇ ಇರಲಿಲ್ಲ, ಅವು ಬೆದರಿಸಿದ್ದು ನೋಟದಿಂದ ಮಾತ್ರ. ಆ ಟ್ಯಾಂಕುಗಳು ಗುಂಡು ಹಾರಿಸುವಂತೆ ತೋರಿಸುವ ಚಿತ್ರವು, ಎದುರು ನಿಲ್ಲದೆ ಹೋದವರಿಗೆ ಇಲ್ಲದ ನೆಪವೊಂದನ್ನು ಒದಗಿಸಿದಂತಾಗುತ್ತದೆ.

ಹಂತ 6: ಆಧಾರಗಳನ್ನು ತೂಗಿ ದರ್ಜೆ ಕೊಡಿ

ಪಟ್ಟಿಯ ಕೊನೆಯ ಅಂಕಣದಲ್ಲಿ ಪ್ರತಿ ಸಂಗತಿಗೂ ನಾಲ್ಕರಲ್ಲಿ ಒಂದು ದರ್ಜೆ ಬರೆಯಿರಿ. ಪರಸ್ಪರ ಸ್ವತಂತ್ರವಾದ ಎರಡು ಆಧಾರಗಳಿದ್ದರೆ ದೃಢ. ಘಟನೆ ನಿಜವಾಗಿದ್ದು ಹೊತ್ತು ಅಥವಾ ವ್ಯಕ್ತಿಗಳನ್ನು ಒಗ್ಗೂಡಿಸಿದ್ದರೆ ಸಂಕ್ಷೇಪ. ಪರವಾಗಿಯೂ ವಿರುದ್ಧವಾಗಿಯೂ ಆಧಾರವಿಲ್ಲದಿದ್ದರೆ ಊಹೆ. ಗಟ್ಟಿಯಾದ ಆಧಾರಕ್ಕೆ ಎದುರಾಗಿದ್ದರೆ ವಿರುದ್ಧ. ಊಹೆಗೂ ವಿರುದ್ಧಕ್ಕೂ ನಡುವಿನ ಗೆರೆಯನ್ನು ಕಡೆಗಣಿಸುವುದು ಬಹುಜನರ ತಪ್ಪು. ಮುಚ್ಚಿದ ಬಾಗಿಲ ಹಿಂದೆ ಇಬ್ಬರು ಸಂಚುಗಾರರು ಆಡಿದ ಮಾತಿಗೆ ದಾಖಲೆ ಇಲ್ಲವೆಂಬುದು ಆ ಮಾತು ಸುಳ್ಳೆಂಬುದಕ್ಕೆ ಸಾಕ್ಷಿಯಾಗದು.

ಸೋಲ್‌ನ ಚಿತ್ರದ ಪರಾಕಾಷ್ಠೆಯಲ್ಲಿ ರಾಜಧಾನಿಯ ಕಾವಲು ಪಡೆಯ ಕಮಾಂಡರ್ ನಡುರಸ್ತೆಯಲ್ಲಿ ದಂಗೆಕೋರರಿಗೆ ಎದುರಾಗಿ ನಿಲ್ಲುತ್ತಾರೆ. ನಿಜದಲ್ಲಿ ಜಾಂಗ್ ತೇ-ವಾನ್ ಅವರನ್ನು ಅವರ ಮುಖ್ಯ ಕಚೇರಿಯಲ್ಲೇ, ಅವರದೇ ಅಧೀನ ಅಧಿಕಾರಿಗಳು ಬಂಧಿಸಿದರು. ಆದ್ದರಿಂದ ದೃಶ್ಯದ ದರ್ಜೆ ‘ವಿರುದ್ಧ’. ಈಗ ಹೊಣೆಯ ಪ್ರಶ್ನೆ ಕೇಳಿ. ಎದುರಿಸಲು ಯತ್ನಿಸಿದವರು ಯಾರು, ಕೈಚೆಲ್ಲಿದವರು ಯಾರು ಎಂಬುದು ಬದಲಾಗಿಲ್ಲ. ಆದರೆ ಸ್ವಂತ ಅಧೀನರೇ ತಿರುಗಿಬಿದ್ದರೆಂಬ ಕಹಿಸತ್ಯ ಮಸುಕಾಗಿ, ಬಹಿರಂಗ ಎದುರುಬದುರಿನ ಶೌರ್ಯ ಮುನ್ನೆಲೆಗೆ ಬಂದಿದೆ. ನನ್ನ ಅಳತೆಯಲ್ಲಿ ಇದು ಮಧ್ಯಮ ತೂಕದ ದೋಷ, ಚಿತ್ರವನ್ನು ತಳ್ಳಿಹಾಕುವಷ್ಟಲ್ಲ. ಈ ಘಟನೆಯನ್ನು ಅಳೆಯಲು ಕೊರಿಯಾದಲ್ಲಿ ಒಳ್ಳೆಯ ಆಧಾರಗಳಿವೆ: ಚುನ್ ಅವರಿಗೆ 1996ರಲ್ಲಿ ಕೆಳ ನ್ಯಾಯಾಲಯ ಮರಣದಂಡನೆ ವಿಧಿಸಿತು, ಮೇಲ್ಮನವಿಯಲ್ಲಿ ಅದು ಜೀವಾವಧಿಗೆ ಇಳಿಯಿತು, 1997ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಾಯಂಗೊಳಿಸಿತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರಿಗೆ ಕ್ಷಮಾದಾನ ಸಿಕ್ಕಿದ್ದರಿಂದ ತೀರ್ಪಿನಲ್ಲಿ ಸಾಬೀತಾದ ಸಂಗತಿಗಳೇನೂ ಅಳಿಸಿಹೋಗುವುದಿಲ್ಲ.

ಶವಗಳ ಮತ್ತು ಹಿಂಸೆಯ ದೃಶ್ಯಗಳಿಗೆ ಮರಣೋತ್ತರ ಪರೀಕ್ಷೆಯ ವರದಿಯನ್ನೇ ಹುಡುಕಿ. ಮೇಲೆ ಹೇಳಿದ ಇಂಡೊನೇಷ್ಯಾದ ಚಿತ್ರ ಜನರಲ್‌ಗಳಿಗೆ ಕೊಟ್ಟ ಚಿತ್ರಹಿಂಸೆಯನ್ನು ವಿಸ್ತಾರವಾಗಿ ತೋರಿಸುತ್ತದೆ. ಕಣ್ಣು ಕಿತ್ತರು, ಮರ್ಮಾಂಗ ಕತ್ತರಿಸಿದರು ಎಂಬ ಸುದ್ದಿಗಳು 1965ರಲ್ಲೇ ಹಬ್ಬಿದ್ದವು. ಆದರೆ ವಿದ್ವಾಂಸ ಬೆನೆಡಿಕ್ಟ್ ಆಂಡರ್ಸನ್ 1987ರಲ್ಲಿ ಪ್ರಕಟಿಸಿದ ಮರಣೋತ್ತರ ವರದಿಗಳಲ್ಲಿ ಗುಂಡಿನ ಮತ್ತು ಪೆಟ್ಟಿನ ಗಾಯಗಳಿದ್ದವು, ಅಂಥ ಅಂಗಚ್ಛೇದದ ಗುರುತುಗಳಿರಲಿಲ್ಲ. ಇಲ್ಲಿನ ಅತಿಶಯ ನಿರುಪದ್ರವಿಯಲ್ಲ, ಏಕೆಂದರೆ ಆ ಸುದ್ದಿಗಳು ಮುಂದಿನ ಹತ್ಯೆಗಳಿಗೆ ಸಮರ್ಥನೆಯಾದವು.

ದಾಖಲೆಗಳೂ ಕಾಲದೊಂದಿಗೆ ಬದಲಾಗುತ್ತವೆ. ಅಯೆಂದೆಯವರನ್ನು ಸೈನಿಕರು ಕೊಂದರೋ, ಅವರೇ ಪ್ರಾಣ ಕಳೆದುಕೊಂಡರೋ ಎಂಬ ವಿವಾದ ದಶಕಗಳ ಕಾಲ ಇತ್ತು. 2011ರಲ್ಲಿ ಶವವನ್ನು ಹೊರತೆಗೆದು ನಡೆಸಿದ ಪರೀಕ್ಷೆ ಆತ್ಮಹತ್ಯೆಯನ್ನು ದೃಢಪಡಿಸಿತು. 1975ರಲ್ಲಿ ತಯಾರಾದ ಚಿತ್ರವೊಂದು ಕೊಲೆಯೆಂದು ತೋರಿಸಿದ್ದರೆ ಅದನ್ನು ಅಂದಿನ ತಿಳಿವಳಿಕೆಯ ಮಟ್ಟದಲ್ಲಿ ಅಳೆಯಬೇಕು. 2015ರ ಚಿತ್ರ ಹಾಗೆ ತೋರಿಸಿದರೆ ಆ ರಿಯಾಯಿತಿ ಇಲ್ಲ.

ಹಂತ 7: ಪರದೇಶದ ಕೈವಾಡವನ್ನು ವರ್ಷವಾರು ಬೇರ್ಪಡಿಸಿ

ಶೀತಲ ಸಮರ ಕಾಲದ ಯಾವ ಕ್ಷಿಪ್ರಕ್ರಾಂತಿಯ ಚಿತ್ರದಲ್ಲೂ ಕಪ್ಪು ಕನ್ನಡಕದ ಒಬ್ಬ ಅಮೆರಿಕನ್ ಇದ್ದೇ ಇರುತ್ತಾನೆ. ಆತನಿರುವುದು ತಪ್ಪಲ್ಲ, ಆತ ಯಾವ ವರ್ಷ ಏನು ಮಾಡಿದ ಎಂಬುದು ಮುಖ್ಯ. ಚಿಲಿಯಲ್ಲಿ ಅಯೆಂದೆ ಅಧಿಕಾರಕ್ಕೆ ಬಾರದಂತೆ ತಡೆಯಲು ಅಮೆರಿಕದ ಅಧ್ಯಕ್ಷ ನಿಕ್ಸನ್ 1970ರ ಸೆಪ್ಟೆಂಬರಿನಲ್ಲಿ ತಮ್ಮ ಗುಪ್ತಚರ ಸಂಸ್ಥೆ ಸಿಐಎಗೆ ಸೂಚಿಸಿದರು. ಸಂವಿಧಾನಕ್ಕೆ ಬದ್ಧರಾಗಿದ್ದ ಸೇನಾ ಮುಖ್ಯಸ್ಥ ರೆನೆ ಶ್ನೈಡರ್ ಅಕ್ಟೋಬರ್ 22ರಂದು ಅಪಹರಣ ಯತ್ನದಲ್ಲಿ ಗುಂಡೇಟು ತಿಂದು ಮೂರು ದಿನಗಳ ಬಳಿಕ ತೀರಿಕೊಂಡರು. ಇದೆಲ್ಲ ದಾಖಲೆಗಳಲ್ಲಿದೆ. ಆದರೆ 1973ರ ಸೆಪ್ಟೆಂಬರ್ 11ರ ದಂಗೆಗೆ ಅಮೆರಿಕ ನೇರವಾಗಿ ನೆರವಾದದ್ದಕ್ಕೆ ಗಟ್ಟಿ ಪುರಾವೆ ಕಾಣಲಿಲ್ಲವೆಂದು ಸೆನೆಟ್ ಸದಸ್ಯ ಫ್ರಾಂಕ್ ಚರ್ಚ್ ನೇತೃತ್ವದ ಸಮಿತಿಯ ವರದಿ 1975ರಲ್ಲಿ ಹೇಳಿತು, ಅದೇ ವೇಳೆ ನಡುವಿನ ವರ್ಷಗಳಲ್ಲಿ ಅಯೆಂದೆಯವರ ವಿರೋಧಿಗಳಿಗೆ ಹರಿದ ಹಣವನ್ನು ವಿವರವಾಗಿ ದಾಖಲಿಸಿತು. ಮೂರು ವರ್ಷಗಳ ಅಂತರದ ಸಂಗತಿಗಳನ್ನು ಒಂದೇ ವಾರದಲ್ಲಿ ನಡೆದಂತೆ ಹೆಣೆಯುವ ಚಿತ್ರಕಥೆ ಚಿಲಿಯ ಸೇನಾಧಿಕಾರಿಗಳ ಸ್ವಂತ ಹೊಣೆಯನ್ನು ಹಗುರಗೊಳಿಸುತ್ತದೆ.

ಇರಾನಿನ 1953ರ ಸಂಗತಿ ಇದಕ್ಕೆ ತಿರುಗುಮುರುಗು. ಆಗಸ್ಟ್ ಮಧ್ಯಭಾಗದ ಮೊದಲ ಯತ್ನ ವಿಫಲವಾಗಿ, 19ರಂದು ಎರಡನೆಯದು ಫಲಿಸಿ ಪ್ರಧಾನಿ ಮೊಸಾದೆಕ್ ಸರ್ಕಾರ ಬಿದ್ದಿತು. ಸಿಐಎಯ ಆಂತರಿಕ ಚರಿತ್ರೆ 2000ದಲ್ಲಿ ಪತ್ರಿಕೆಯ ಮೂಲಕ ಹೊರಬಂತು, 2013ರಲ್ಲಿ ಸಂಸ್ಥೆಯೇ ತನ್ನ ಪಾತ್ರವನ್ನು ಒಪ್ಪಿಕೊಂಡ ದಾಖಲೆ ಬಹಿರಂಗವಾಯಿತು. ಇಲ್ಲಿ ಅಮೆರಿಕವನ್ನು ಅಳಿಸುವುದೇ ವಿರೂಪ. ಮೊದಲ ಯತ್ನದ ಸೋಲನ್ನು ಬಿಟ್ಟುಬಿಟ್ಟು ಎಲ್ಲವೂ ಯೋಜನೆಯಂತೆ ನಡೆಯಿತೆಂದು ತೋರಿಸುವ ಚಿತ್ರವನ್ನೂ ಅನುಮಾನದಿಂದ ನೋಡಿ.

ಹಂತ 8: ಸಮವಸ್ತ್ರ, ವಾಹನ, ಕಟ್ಟಡ

ಇದನ್ನು ಬೇಕೆಂದೇ ಕೊನೆಗೆ ಇಟ್ಟಿದೆ. ಹಿಟ್ಲರನ ಮೇಲಿನ 1944ರ ಜುಲೈ 20ರ ಯತ್ನವನ್ನು ಕುರಿತ ‘ವಾಲ್ಕಿರಿ’ ಚಿತ್ರದ ಕೆಲವು ಭಾಗಗಳನ್ನು, ಆ ಸಂಚಿನ ಮುಂದಾಳು ಸ್ಟೌಫೆನ್‌ಬರ್ಗ್‌ಗೆ ಗುಂಡಿಕ್ಕಿದ ಬರ್ಲಿನ್ನಿನ ಬೆಂಡ್ಲರ್‌ಬ್ಲಾಕ್ ಕಟ್ಟಡದಲ್ಲೇ ಚಿತ್ರೀಕರಿಸಲಾಯಿತು. ಜಾಗ ಅಸಲಿ ಎಂಬುದರಿಂದ ಅಲ್ಲಿ ಆಡಿಸಿದ ಮಾತು ಅಸಲಿಯಾಗುವುದಿಲ್ಲ. ವಾಹನದ ಮಾದರಿ ತಪ್ಪಿದ್ದರೆ ಒಂದು ಸಾಲಿನಲ್ಲಿ ಬರೆದು ಮುಂದಕ್ಕೆ ಹೋಗಿ.

ಎಚ್ಚರಿಕೆಯ ಚಿಹ್ನೆಗಳು

ಹಳೆಯ ಸುದ್ದಿಚಿತ್ರದ ತುಣುಕನ್ನೂ ನಟಿಸಿದ ದೃಶ್ಯವನ್ನೂ ಒಂದೇ ಬಣ್ಣ, ಒಂದೇ ಬಗೆಯ ಚುಕ್ಕೆಚುಕ್ಕೆ ನೋಟದಲ್ಲಿ ಬೆಸೆದಿದ್ದರೆ ಪ್ರತಿ ಹೊಲಿಗೆಯನ್ನೂ ಗುರುತುಮಾಡಿ. ನೋಡುಗರು ಅಸಲಿ ತುಣುಕಿನ ಮೇಲಿಟ್ಟ ವಿಶ್ವಾಸವನ್ನು ನಟಿಸಿದ ದೃಶ್ಯಕ್ಕೂ ದಾಟಿಸುವ ಉಪಾಯ ಅದು. ಇಡೀ ಚಿತ್ರ ಒಬ್ಬನೇ ಅಧಿಕಾರಿಯ ಆತ್ಮಕಥನವನ್ನು ನೆಚ್ಚಿದ್ದು ಆತ ಎಲ್ಲ ದೃಶ್ಯಗಳಲ್ಲೂ ಸರಿಯಾಗಿಯೇ ಯೋಚಿಸುತ್ತಿದ್ದರೆ, ಆತನ ಎದುರಾಳಿ ಬರೆದದ್ದನ್ನು ಓದುವವರೆಗೆ ತೀರ್ಪು ಬರೆಯಬೇಡಿ. ನಾಗರಿಕರು ಬರೀ ಗುಂಪಾಗಿ ಓಡುವವರಾಗಿದ್ದು ಒಬ್ಬರಿಗೂ ಹೆಸರಿಲ್ಲದಿದ್ದರೆ, ದಂಗೆಯನ್ನು ಸೇನೆಯ ಒಳಜಗಳವಾಗಿ ಕುಗ್ಗಿಸಲಾಗಿದೆ ಎಂದರ್ಥ. ಸೋತ ಪಕ್ಷದ ಮಂತ್ರಿಗಳೆಲ್ಲ ಹಾಸ್ಯಪಾತ್ರಗಳಾಗಿರುವುದು, ದಂಗೆಯ ಮುಂಚಿನ ಬೆಲೆಯೇರಿಕೆ ಮುಷ್ಕರಗಳನ್ನು ಒಂದೇ ಹಾಡಿನಷ್ಟು ಅವಧಿಯಲ್ಲಿ ಮುಗಿಸಿರುವುದು, ಕೊನೆಯ ಬರಹದಲ್ಲಿ ಶಿಕ್ಷೆಯನ್ನು ಹೇಳಿ ಕ್ಷಮಾದಾನವನ್ನು ಬಿಟ್ಟಿರುವುದು, ಇವೂ ಗಮನಿಸತಕ್ಕವು.

ಪರಿಶೀಲಕರ ಕಡೆಯಿಂದಲೂ ಒಂದು ಚಿಹ್ನೆಯುಂಟು: ನೀವು ಕಂಡುಹಿಡಿದ ತಪ್ಪುಗಳೆಲ್ಲ ಒಂದೇ ಜಾಲತಾಣದ ಪಟ್ಟಿಯಲ್ಲಿ ಅದೇ ಅನುಕ್ರಮದಲ್ಲಿದ್ದರೆ, ನೀವು ಪರಿಶೀಲಿಸಿದ್ದು ಸಿನಿಮಾವನ್ನಲ್ಲ, ಆ ಪಟ್ಟಿಯನ್ನು.

ಹಂತ 9: ತೀರ್ಪು ಬರೆಯುವ ಬಗೆ

ಶೇಕಡಾವಾರು ಅಂಕ ಕೊಡಬೇಡಿ. ‘ಶೇ. 80ರಷ್ಟು ನಿಜ’ ಎಂಬ ಮಾತಿಗೆ ಅರ್ಥವಿಲ್ಲ, ಏಕೆಂದರೆ ಉಳಿದ ಇಪ್ಪತ್ತರಲ್ಲೇ ಕೊಲೆಯ ಆದೇಶ ಕೊಟ್ಟವರ ಹೆಸರು ಅಡಗಿರಬಹುದು. ಮೂರನೆಯ ಹಂತದಲ್ಲಿ ಬರೆದಿಟ್ಟ ಮೂರು ವಾಕ್ಯಗಳನ್ನು ತೆಗೆದುಕೊಂಡು, ಪ್ರತಿಯೊಂದಕ್ಕೂ ದಾಖಲೆಗಳ ಉತ್ತರವನ್ನು ಎದುರಿಗೆ ಬರೆಯಿರಿ. ಮೊದಲ ಪ್ಯಾರಾದಲ್ಲಿ ಹೊಣೆಯ ಬಗ್ಗೆ, ಎರಡನೆಯದರಲ್ಲಿ ಅನುಕ್ರಮದ ಬಗ್ಗೆ, ಮೂರನೆಯದರಲ್ಲಿ ಕೈಬಿಟ್ಟ ಸಂಗತಿಗಳ ಬಗ್ಗೆ ಬರೆದು, ಚಿಲ್ಲರೆ ದೋಷಗಳನ್ನು ಕೊನೆಗೆ ಒಟ್ಟಿಗೆ ಕೊಟ್ಟರೆ ಸಾಕು. ಸೋಲ್‌ನ ಚಿತ್ರಕ್ಕೆ ಮೊದಲ ಪ್ಯಾರಾ ಹೀಗಿರಬಹುದು: ‘ಬಂಧನ ಮೊದಲು, ಅನುಮತಿ ನಂತರ ಎಂಬ ಅನುಕ್ರಮವನ್ನು ಚಿತ್ರ ಉಳಿಸಿಕೊಂಡಿದೆ; ದಂಗೆಯ ಹೊಣೆಯನ್ನು ನ್ಯಾಯಾಲಯ ಹೊರಿಸಿದವರ ಮೇಲೆಯೇ ಹೊರಿಸಿದೆ; ಪ್ರತಿರೋಧ ಮುರಿದುಬಿದ್ದ ಬಗೆಯನ್ನು ಮಾತ್ರ ಇದ್ದುದಕ್ಕಿಂತ ವೀರೋಚಿತವಾಗಿ ಬದಲಿಸಿದೆ.’

ಬರಹದ ಕೆಳಗೆ ನೋಡಿದ ಪ್ರತಿಯ ಅವಧಿಯನ್ನು ನಿಮಿಷಗಳಲ್ಲಿ, ಸಬ್‌ಟೈಟಲ್‌ನ ಭಾಷೆಯನ್ನು ಮತ್ತು ಪರಿಶೀಲಿಸಿದ ತಿಂಗಳು ವರ್ಷವನ್ನು ನಮೂದಿಸಿ. ಚಿತ್ರಮಂದಿರದ ಪ್ರತಿಗೂ ಓಟಿಟಿಯ ಪ್ರತಿಗೂ ದೃಶ್ಯಗಳಲ್ಲಿ ವ್ಯತ್ಯಾಸ ಇರಬಹುದು. ನಿಮ್ಮ ಬರಹ ಪ್ರಕಟವಾದ ಮೇಲೆ ಹೊಸ ದಾಖಲೆಗಳು ಹೊರಬಂದರೆ, ನಿಮ್ಮ ಪಟ್ಟಿಯ ಯಾವ ಸಾಲಿನ ದರ್ಜೆಯನ್ನು ತಿದ್ದಬೇಕೆಂದು ತಿಳಿಯಲು ಈ ನಮೂದು ಬೇಕಾಗುತ್ತದೆ.